ಪದವಿಯಿಲ್ಲದ ಪ್ರಭಾವ: ತುಮಕೂರಿನಲ್ಲಿ ನಡೆದ ಲಿವಿಯಾ ಉಪನ್ಯಾಸ ಮಾಲೆಯ ವಿಮರ್ಶೆ

ತುಮಕೂರಿನ ಬಿ.ಎಚ್. ರಸ್ತೆಗೆ ಹೊಂದಿಕೊಂಡ ಬಡಾವಣೆಯೊಂದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತರಬೇತಿ ಕೊಡುವ ಖಾಸಗಿ ಕೇಂದ್ರವೊಂದು ಈಚೆಗೆ ಭಾನುವಾರದ ಬೆಳಗಿನ ಹೊತ್ತು ಐದು ಉಪನ್ಯಾಸಗಳ ಮಾಲೆಯೊಂದನ್ನು ನಡೆಸಿತು. ರೋಮ್‌ನ ಮೊದಲ ಚಕ್ರವರ್ತಿ ಆಗಸ್ಟಸನ ಪತ್ನಿಯೂ ಎರಡನೆಯ ಚಕ್ರವರ್ತಿ ಟೈಬೀರಿಯಸನ ತಾಯಿಯೂ ಆದ ಲಿವಿಯಾ ಡ್ರುಸಿಲ್ಲಾಳ ಬದುಕು ಮತ್ತು ರಾಜಕೀಯ ಪ್ರಭಾವ ಅದರ ವಿಷಯವಾಗಿತ್ತು. ಶುಲ್ಕ 900 ರೂಪಾಯಿ, ಪ್ರತಿ ತರಗತಿ ಎರಡು ಗಂಟೆ, ಪಾಠ ಕನ್ನಡದಲ್ಲಿ, ಜೊತೆಗೆ ಆಧಾರಗಳ ಅನುವಾದವುಳ್ಳ ಜೆರಾಕ್ಸ್ ಹಾಳೆಗಳು. ಕೇಳಲು ಬಂದವರಲ್ಲಿ ಅರ್ಧದಷ್ಟು ಮಂದಿ ಗುಬ್ಬಿ, ಸಿರಾ, ಕುಣಿಗಲ್ ಕಡೆಯಿಂದ ಬಸ್ಸು ಹಿಡಿದು ಬರುವ ಪರೀಕ್ಷಾರ್ಥಿಗಳು. ಉಳಿದವರು ಪ್ರೌಢಶಾಲೆ ಹಾಗೂ ಪಿಯು ಕಾಲೇಜುಗಳ ಇತಿಹಾಸ ಬೋಧಕರು ಮತ್ತು ನಿವೃತ್ತರು. ಪರೀಕ್ಷೆಯಲ್ಲಿ ಒಂದು ಅಂಕವನ್ನೂ ತಂದುಕೊಡಲಾರದ ವಿಷಯವೊಂದಕ್ಕೆ ಹಣ ಕೊಟ್ಟು ಬರುವವರು ನಮ್ಮ ಊರಿನಲ್ಲಿ ಇಷ್ಟು ಮಂದಿ ಇದ್ದಾರೆಂಬುದೇ ನನಗೆ ಸಂತೋಷದ ಸಂಗತಿಯಾಗಿತ್ತು. ಮಾಲೆಯನ್ನು ಪೂರ್ತಿಯಾಗಿ ಕೇಳಿದ ಮೇಲೆ, ಮುಂದಿನ ಬಾರಿ ಸೇರಲು ಯೋಚಿಸುತ್ತಿರುವವರಿಗೆ ಉಪಯೋಗವಾಗಲೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಲಿವಿಯಾಳ ಹೆಸರು ಕೇಳಿದವರಿಗೆ ಮೊದಲು ನೆನಪಾಗುವುದು ವಿಷ. ಗಂಡನ ವಂಶದ ಹುಡುಗರನ್ನು ಒಬ್ಬೊಬ್ಬರನ್ನಾಗಿ ಮುಗಿಸಿ, ತನ್ನ ಮೊದಲ ಗಂಡನ ಮಗನನ್ನು ಸಿಂಹಾಸನಕ್ಕೆ ಏರಿಸಿದ ಮಲತಾಯಿ ಎಂಬ ಚಿತ್ರವನ್ನು ಇಂಗ್ಲಿಷ್ ಕಾದಂಬರಿಗಳೂ ಟಿವಿ ಧಾರಾವಾಹಿಗಳೂ ಗಟ್ಟಿಗೊಳಿಸಿವೆ. ಉಪನ್ಯಾಸಕಿಯವರು ಈ ದಾರಿಯನ್ನು ಮೊದಲ ದಿನವೇ ಬಿಟ್ಟುಕೊಟ್ಟರು. ಯಾವ ಅಧಿಕಾರ ಸ್ಥಾನವೂ ಇಲ್ಲದ, ಸೆನೆಟ್‌ನಲ್ಲಿ ಕೂರುವ ಹಕ್ಕಾಗಲಿ ಮತ ಹಾಕುವ ಹಕ್ಕಾಗಲಿ ಇಲ್ಲದ ಒಬ್ಬ ಹೆಂಗಸು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಾಮ್ರಾಜ್ಯದ ವ್ಯವಹಾರದಲ್ಲಿ ತನ್ನ ಮಾತು ನಡೆಯುವಂತೆ ಮಾಡಿಕೊಂಡದ್ದು ಯಾವ ಕಾನೂನು, ಯಾವ ಆಸ್ತಿ, ಯಾವ ಋಣಾನುಬಂಧಗಳ ಬಲದಿಂದ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಶಾಸನ, ನಾಣ್ಯ, ಉಯಿಲುಗಳ ಮೂಲಕ ಉತ್ತರ ಹುಡುಕಿದರು. ಮಾಲೆಯ ಬೆಲೆ ಇರುವುದು ಈ ಆಯ್ಕೆಯಲ್ಲಿ. ಅದರ ಕೊರತೆಗಳನ್ನೂ ಮುಂದೆ ಹೇಳುತ್ತೇನೆ. ಆದರೆ ಕೊರತೆಗಳೆಲ್ಲವೂ ಈ ಆಯ್ಕೆಯನ್ನು ಕೊನೆಯವರೆಗೆ ಸಮನಾಗಿ ನಡೆಸಿಕೊಂಡು ಹೋಗದೆ ಇದ್ದುದರಿಂದ ಆದವೇ ಹೊರತು ಆಯ್ಕೆಯೇ ತಪ್ಪಾಗಿದ್ದರಿಂದಲ್ಲ.

ಮೊದಲ ತರಗತಿ ಜೀವನ ಚರಿತ್ರೆಗೆ ಮೀಸಲಾಗಿತ್ತು. ಕ್ರಿ.ಪೂ. 58ರ ಸುಮಾರಿಗೆ ಹುಟ್ಟಿದ ಲಿವಿಯಾಳ ತಂದೆ ಮಾರ್ಕಸ್ ಲಿವಿಯಸ್ ಡ್ರೂಸಸ್ ಕ್ಲಾಡಿಯಾನಸ್, ಸೀಸರನ ಹಂತಕರಾದ ಬ್ರೂಟಸ್ ಮತ್ತು ಕ್ಯಾಸಿಯಸರ ಪಕ್ಷದಲ್ಲಿದ್ದು, ಕ್ರಿ.ಪೂ. 42ರಲ್ಲಿ ಫಿಲಿಪ್ಪಿ ಯುದ್ಧದ ಸೋಲಿನ ನಂತರ ಆತ್ಮಹತ್ಯೆ ಮಾಡಿಕೊಂಡವನು. ಅದೇ ವರ್ಷದ ನವೆಂಬರಿನಲ್ಲಿ ಆಕೆಗೆ ಹಿರಿಯ ಮಗ ಟೈಬೀರಿಯಸ್ ಹುಟ್ಟಿದ. ಗಂಡ ಟೈಬೀರಿಯಸ್ ಕ್ಲಾಡಿಯಸ್ ನೀರೊ ಮಾರ್ಕ್ ಆಂಟನಿಯ ತಮ್ಮನ ಕಡೆ ನಿಂತು, ಪೆರೂಸಿಯಾ ನಗರ ಬಿದ್ದಾಗ ಹೆಂಡತಿ ಮತ್ತು ಕೈಗೂಸಿನೊಂದಿಗೆ ಊರು ಬಿಟ್ಟು ಓಡಿದ. ಸಿಸಿಲಿ, ಅಲ್ಲಿಂದ ಗ್ರೀಸ್, ಅಲ್ಲಿ ಸ್ಪಾರ್ಟಾದಲ್ಲಿ ಆಶ್ರಯ. ರಾತ್ರಿ ಅಲ್ಲಿಂದ ಹೊರಟಾಗ ಕಾಡುಗಿಚ್ಚಿಗೆ ಸಿಕ್ಕಿ ಲಿವಿಯಾಳ ಉಡುಪೂ ತಲೆಗೂದಲೂ ಸುಟ್ಟವೆಂದು ರೋಮನ್ ಚರಿತ್ರೆಕಾರ ಸ್ಯೂಟೋನಿಯಸ್ ಬರೆಯುತ್ತಾನೆ. ಈ ಕುಟುಂಬ ಯಾರಿಗೆ ಹೆದರಿ ಓಡಿತೋ ಆ ಆಕ್ಟೇವಿಯನನನ್ನೇ, ಮುಂದೆ ಆಗಸ್ಟಸ್ ಎನಿಸಿಕೊಂಡವನನ್ನೇ, ಲಿವಿಯಾ ಕ್ರಿ.ಪೂ. 38ರ ಜನವರಿಯಲ್ಲಿ ಮದುವೆಯಾದಳು. ಆಗ ಆಕೆ ಮೊದಲ ಗಂಡನಿಂದ ಎರಡನೆಯ ಮಗುವಿನ ತುಂಬು ಗರ್ಭಿಣಿ; ಮದುವೆ ಧರ್ಮಸಮ್ಮತವೇ ಎಂದು ಪುರೋಹಿತ ಮಂಡಳಿಯನ್ನು ಕೇಳಲಾಯಿತು; ಧಾರೆ ಎರೆಯುವ ತಂದೆಯ ಸ್ಥಾನದಲ್ಲಿ ನಿಂತವನು ಬಿಟ್ಟುಕೊಟ್ಟ ಗಂಡನೇ. ಆಕ್ಟೇವಿಯನ್ ತನ್ನ ಹಿಂದಿನ ಹೆಂಡತಿ ಸ್ಕ್ರಿಬೋನಿಯಾಳನ್ನು ಬಿಟ್ಟದ್ದು ಅವಳು ಮಗಳು ಜೂಲಿಯಾಳನ್ನು ಹೆತ್ತ ದಿನವೇ.

ಇದನ್ನು ಪ್ರೇಮಕಥೆಯಾಗಿಯೂ ಹೇಳಬಹುದು, ಹಗರಣವಾಗಿಯೂ ಹೇಳಬಹುದು. ಉಪನ್ಯಾಸಕಿಯವರು ಎರಡನ್ನೂ ಬಿಟ್ಟು, ಹೊಸದಾಗಿ ಮೇಲೆ ಬಂದ ಮನೆತನದ ಆಕ್ಟೇವಿಯನನಿಗೆ ಕ್ಲಾಡಿಯನ್ ವಂಶದಂತಹ ಹಳೆಯ ಕುಲೀನ ಮನೆತನದ ಸಂಬಂಧ ಎಷ್ಟು ಬೇಕಾಗಿತ್ತು ಎಂಬುದನ್ನು ಬಿಡಿಸಿ ತೋರಿಸಿದರು. ರೋಮನ್ನರಲ್ಲಿ ತಂದೆ, ಮಗ, ಮೊಮ್ಮಗನಿಗೆಲ್ಲ ಒಂದೇ ಹೆಸರು ಇರುವುದರಿಂದ ಕೇಳುಗರು ದಾರಿ ತಪ್ಪುವುದು ಸಹಜ. ಗೋಡೆಗೆ ಅಂಟಿಸಿದ್ದ ದೊಡ್ಡ ವಂಶವೃಕ್ಷದ ಹಾಳೆಯಲ್ಲಿ ಮೂವರು ಡ್ರೂಸಸರನ್ನು ಮೂರು ಬಣ್ಣದಲ್ಲಿ ಬರೆದದ್ದು ಒಳ್ಳೆಯ ಉಪಾಯ. ಆದರೂ ಈ ತರಗತಿ ಅಗತ್ಯಕ್ಕಿಂತ ಉದ್ದವಾಯಿತೆಂದು ಹೇಳಲೇಬೇಕು. ಫಿಲಿಪ್ಪಿ ಯುದ್ಧದ ಸೇನಾ ವಿನ್ಯಾಸಕ್ಕೆ ಕೊಟ್ಟ ಅರ್ಧ ಗಂಟೆ ಲಿವಿಯಾಳಿಗೆ ಸಲ್ಲಬೇಕಾಗಿದ್ದ ಸಮಯ.

ಎರಡನೆಯ ತರಗತಿಯಿಂದ ಮಾಲೆ ತನ್ನ ನಿಜವಾದ ಗತಿಯನ್ನು ಕಂಡುಕೊಂಡಿತು. ಕ್ರಿ.ಪೂ. 35ರಲ್ಲಿ ಆಕ್ಟೇವಿಯನ್ ತನ್ನ ಹೆಂಡತಿ ಲಿವಿಯಾಳಿಗೂ ಅಕ್ಕ ಆಕ್ಟೇವಿಯಾಳಿಗೂ ಮೂರು ಸೌಲಭ್ಯಗಳನ್ನು ಕೊಡಿಸಿದ: ಸಾರ್ವಜನಿಕ ಪ್ರತಿಮೆಗಳು, ಜನತೆಯ ಪ್ರತಿನಿಧಿಗಳಾದ ಟ್ರಿಬ್ಯೂನರಿಗೆ ಇದ್ದಂತೆಯೇ, ತಮ್ಮನ್ನು ಅವಮಾನಿಸಿದವರು ದಂಡನೆಗೆ ಗುರಿಯಾಗುವಂತಹ ರಕ್ಷಣೆ, ಮತ್ತು ತಮ್ಮ ಆಸ್ತಿಯನ್ನು ಯಾವ ಗಂಡಸಿನ ಪೋಷಕತ್ವವೂ ಇಲ್ಲದೆ ತಾವೇ ನಿರ್ವಹಿಸುವ ಹಕ್ಕು. ಪ್ರತಿಮೆ ಮತ್ತು ರಕ್ಷಣೆಗಳ ವಿಷಯವಾಗಿ ಎಲ್ಲರೂ ಬರೆಯುತ್ತಾರೆ. ಉಪನ್ಯಾಸಕಿಯವರು ಒತ್ತಿ ಹೇಳಿದ್ದು ಮೂರನೆಯದನ್ನು. ರೋಮನ್ ಕಾನೂನಿನಲ್ಲಿ ತಂದೆ ತೀರಿಕೊಂಡ ವಯಸ್ಕ ಹೆಣ್ಣಿಗೂ ದೊಡ್ಡ ವ್ಯವಹಾರಗಳಲ್ಲಿ ಪೋಷಕನೊಬ್ಬನ ಒಪ್ಪಿಗೆ ಬೇಕಾಗಿದ್ದ ಕಾಲದಲ್ಲಿ, ಲಿವಿಯಾ ತನ್ನ ಹಣವನ್ನು ತಾನೇ ಕೊಡಬಲ್ಲವಳಾದಳು, ತಾನೇ ಸಾಲ ನೀಡಬಲ್ಲವಳಾದಳು, ತಾನೇ ಉಯಿಲು ಬರೆಯಬಲ್ಲವಳಾದಳು. ಆಕೆಯ ಮುಂದಿನ ಪ್ರಭಾವವೆಲ್ಲ ಇದರ ಮೇಲೆ ಕಟ್ಟಿದ್ದು ಎಂಬುದು ಅವರ ವಾದ. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆಸ್ತಿ ಎಷ್ಟಿತ್ತು ಎಂಬ ಭಾಗ ತರಗತಿಯ ಅತ್ಯಂತ ಸ್ವಾರಸ್ಯದ ಭಾಗವಾಗಿತ್ತು. ಈಜಿಪ್ಟಿನಲ್ಲಿ ಜಮೀನು, ಗಾಲ್ ಪ್ರಾಂತ್ಯದಲ್ಲಿ (ಇಂದಿನ ಫ್ರಾನ್ಸ್ ಕಡೆ) ಆಕೆಯ ಹೆಸರಿನಲ್ಲೇ ಕರೆಯಲಾಗುತ್ತಿದ್ದ ತಾಮ್ರದ ಗಣಿ, ಯೆಹೂದ್ಯ ರಾಜ ಹೆರೋದನ ತಂಗಿ ಸಲೋಮೆ ಸಾಯುವಾಗ ಉಯಿಲಿನಲ್ಲಿ ಬಿಟ್ಟುಹೋದ ಜಾಮ್ನಿಯಾ ಮತ್ತು ಫಸಾಯೆಲಿಸ್ ಪಟ್ಟಣಗಳು, ರೋಮ್ ಹೊರವಲಯದ ಪ್ರೈಮಾ ಪೋರ್ಟಾದಲ್ಲಿ ತೋಟದ ಮನೆ. ಆ ತೋಟದ ಮನೆಯ ನೆಲಮಾಳಿಗೆಯ ನಾಲ್ಕು ಗೋಡೆಗಳಿಗೂ ಬಿಡಿಸಿದ ಹಣ್ಣಿನ ಮರ, ಹಕ್ಕಿಗಳ ಚಿತ್ರಗಳು 1863ರಲ್ಲಿ ಬೆಳಕಿಗೆ ಬಂದವು. ಈಗ ರೋಮ್‌ನ ವಸ್ತುಸಂಗ್ರಹಾಲಯದಲ್ಲಿವೆ. ರೋಮ್‌ನ ಆಪಿಯನ್ ರಸ್ತೆಯ ಬದಿಯಲ್ಲಿ 1726ರಲ್ಲಿ ದೊರೆತ ಸಾಮೂಹಿಕ ಸಮಾಧಿ ಕಟ್ಟಡದ ಫಲಕಗಳಿಂದ ಆಕೆಯ ಮನೆಯ ಸೇವಕರ ಕಸುಬುಗಳು ಗೊತ್ತಾಗುತ್ತವೆ: ಕೂದಲು ಬಾಚುವವರು, ನೂಲಲು ಉಣ್ಣೆ ತೂಗಿ ಕೊಡುವವರು, ಮುತ್ತು ಕೂರಿಸುವವನು, ಚಮ್ಮಾರ, ವೈದ್ಯರು, ಸೂಲಗಿತ್ತಿ. ಚಕ್ರವರ್ತಿ ತನ್ನ ಬಟ್ಟೆಯನ್ನು ಮನೆಯ ಹೆಂಗಸರೇ ನೂತು ನೇಯ್ದದ್ದೆಂದು ಸಾರಿಕೊಳ್ಳುತ್ತಿದ್ದ ಮನೆಯಲ್ಲಿ, ಉಣ್ಣೆ ತೂಗುವುದಕ್ಕೇ ಆಳುಗಳಿದ್ದರೆಂಬ ಮಾತಿಗೆ ತರಗತಿ ನಕ್ಕಿತು.

ಮೂರನೆಯ ತರಗತಿಗಾಗಿಯೇ ಈ 900 ರೂಪಾಯಿಯನ್ನು ಕೊಡಬಹುದು. ಆ ದಿನದ ಹಾಳೆಯಲ್ಲಿ ಇದ್ದದ್ದು ಒಂದೇ ಒಂದು ಶಾಸನ. ಇಂದಿನ ಟರ್ಕಿಯಲ್ಲಿರುವ ಅಫ್ರೊಡಿಸಿಯಾಸ್ ನಗರದ ರಂಗಮಂದಿರದ ಗೋಡೆಯ ಮೇಲೆ ಅಲ್ಲಿನ ಪೌರರು ತಮ್ಮ ಊರಿಗೆ ಅನುಕೂಲವಾದ ರೋಮನ್ ಪತ್ರಗಳನ್ನೆಲ್ಲ ಕೆತ್ತಿಸಿದ್ದಾರೆ. ಅವುಗಳಲ್ಲಿ ಒಂದು, ಸಾಮೋಸ್ ದ್ವೀಪದವರಿಗೆ ಆಗಸ್ಟಸ್ ಬರೆದ ಉತ್ತರ. ಸಾಮೋಸಿನವರು ಸ್ವಾಯತ್ತತೆಯನ್ನು ಕೇಳಿದ್ದರು. ನನ್ನ ಹೆಂಡತಿ ನಿಮ್ಮ ಪರವಾಗಿ ಬಹಳ ಆಸಕ್ತಿ ವಹಿಸಿದ್ದಾಳೆ, ಅವಳ ಮಾತನ್ನು ನಡೆಸಿಕೊಡಬೇಕೆಂದು ನನಗೂ ಇಷ್ಟವಿದೆ, ಆದರೆ ನನ್ನ ಪದ್ಧತಿಯನ್ನು ಮುರಿಯುವಷ್ಟರ ಮಟ್ಟಿಗೆ ಅಲ್ಲ ಎಂಬುದು ಆ ಉತ್ತರದ ತಾತ್ಪರ್ಯ. ಅಂದರೆ ಬೇಡಿಕೆ ತಿರಸ್ಕಾರವಾಯಿತು.

ಉಪನ್ಯಾಸಕಿಯವರು ಇಲ್ಲಿ ನಿಲ್ಲಿಸಿ, ಇದು ಲಿವಿಯಾಳ ಪ್ರಭಾವಕ್ಕೆ ಸಾಕ್ಷಿಯೋ ಪ್ರಭಾವದ ಕೊರತೆಗೆ ಸಾಕ್ಷಿಯೋ ಎಂದು ತರಗತಿಯನ್ನೇ ಕೇಳಿದರು. ಪರೀಕ್ಷೆಗೆ ಓದುವ ಹುಡುಗರು ಬಹುತೇಕ ಎರಡನೆಯದನ್ನೇ ಹೇಳಿದರು. ಹಿಂದಿನ ಬೆಂಚಿನಲ್ಲಿದ್ದ, ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು ಎದ್ದು, "ಮೇಡಂ, ಕೆಲಸ ಆಗಲಿಲ್ಲ ನಿಜ. ಆದರೆ ಇಲ್ಲ ಅನ್ನುವ ಕಾಗದದಲ್ಲಿ ಸಾಹೇಬರು ಶಿಫಾರಸು ಮಾಡಿದವರ ಹೆಸರನ್ನು ಗೌರವದಿಂದ ಎತ್ತಿದ್ದಾರೆ ಅಂದರೆ, ಮುಂದಿನ ಫೈಲು ತಗೊಂಡು ಜನ ಯಾರ ಮನೆಗೆ ಹೋಗುತ್ತಾರೆ ಅನ್ನೋದು ಅಲ್ಲೇ ತೀರ್ಮಾನ ಆಯಿತಲ್ಲ?" ಎಂದರು. ಯಾವ ಹುದ್ದೆಯೂ ಇಲ್ಲದೆ ಕಚೇರಿಯನ್ನು ನಡೆಸುವವರನ್ನು ಜೀವಮಾನವಿಡೀ ನೋಡಿದವರ ಮಾತು ಅದು. ಮುಂದೆ ಆಗಸ್ಟಸ್ ಸಾಮೋಸಿನಲ್ಲಿ ಚಳಿಗಾಲ ಕಳೆದಾಗ, ಕ್ರಿ.ಪೂ. 20-19ರಲ್ಲಿ, ಆ ದ್ವೀಪಕ್ಕೆ ಸ್ವಾಯತ್ತತೆ ದೊರೆಯಿತು. ಅದು ಲಿವಿಯಾಳಿಂದಲೇ ಆಯಿತೆಂದು ಯಾವ ಆಧಾರವೂ ಹೇಳುವುದಿಲ್ಲ ಎಂಬುದನ್ನು ಉಪನ್ಯಾಸಕಿಯವರು ಮರೆಯದೆ ಸೇರಿಸಿದರು. ಈ ಎಚ್ಚರವನ್ನು ಮೆಚ್ಚಬೇಕು. ಇದೇ ಬಗೆಯ ಇನ್ನೊಂದು ಪ್ರಸಂಗವನ್ನೂ ಅವರು ಕೊಟ್ಟರು: ಗಾಲ್ ಪ್ರಾಂತ್ಯದವನೊಬ್ಬನಿಗೆ ರೋಮನ್ ಪೌರತ್ವ ಕೊಡಿ ಎಂದು ಲಿವಿಯಾ ಕೇಳಿದಾಗ ಆಗಸ್ಟಸ್ ಪೌರತ್ವವನ್ನು ನಿರಾಕರಿಸಿ, ಬದಲಿಗೆ ತೆರಿಗೆ ವಿನಾಯಿತಿ ಕೊಟ್ಟ. ಖಜಾನೆಗೆ ನಷ್ಟವಾದರೂ ಪೌರತ್ವದ ಗೌರವ ಅಗ್ಗವಾಗಬಾರದು ಎಂಬುದು ಅವನು ಕೊಟ್ಟ ಕಾರಣ. ಲಿವಿಯಾಳೊಡನೆ ಗಂಭೀರ ವಿಷಯ ಮಾತನಾಡುವುದಿದ್ದರೆ ಆಗಸ್ಟಸ್ ಮೊದಲೇ ಟಿಪ್ಪಣಿ ಬರೆದುಕೊಂಡು ಓದಿ ಹೇಳುತ್ತಿದ್ದನೆಂಬ ಸ್ಯೂಟೋನಿಯಸನ ಮಾತನ್ನು ಇವುಗಳ ಪಕ್ಕದಲ್ಲಿಟ್ಟಾಗ, ಗಂಡ ಹೆಂಡಿರ ನಡುವಿನ ಆ ಮಾತುಕತೆಗಳು ಎಷ್ಟರಮಟ್ಟಿಗೆ ರಾಜಕಾರ್ಯವೇ ಆಗಿದ್ದವೆಂಬುದು ತಾನಾಗಿ ಗೊತ್ತಾಗುತ್ತದೆ.

ಈ ಭಾಗದಲ್ಲಿ ಸೇರಲೇಬೇಕಾಗಿದ್ದ ಒಂದು ಎಳೆ ಬಿಟ್ಟುಹೋಗಿದೆ ಎಂದು ನನಗೆ ಅನ್ನಿಸಿತು. ಲಿವಿಯಾ ಓಡಿಹೋದ ಕಾಲದಲ್ಲಿ ಸ್ಪಾರ್ಟಾ ಆಶ್ರಯ ಕೊಟ್ಟದ್ದನ್ನು ಮೊದಲ ತರಗತಿಯಲ್ಲೇ ಹೇಳಿದ್ದರು. ಸುಮಾರು ಇಪ್ಪತ್ತು ವರ್ಷಗಳ ನಂತರ ಗ್ರೀಸಿಗೆ ಹೋದ ಆಗಸ್ಟಸ್ ಆ ಉಪಕಾರವನ್ನು ನೆನೆದು ಸ್ಪಾರ್ಟಾದವರಿಗೆ ಸಿಥೇರಾ ದ್ವೀಪವನ್ನು ಕೊಟ್ಟು, ಅವರ ಸಾಮೂಹಿಕ ಭೋಜನದಲ್ಲಿ ಕೂತದ್ದನ್ನು ಇತಿಹಾಸಕಾರ ಡಿಯೊ ಕ್ಯಾಸಿಯಸ್ ದಾಖಲಿಸಿದ್ದಾನೆ. ಅದೇ ಪ್ರದೇಶದ ಬಂದರು ಪಟ್ಟಣವಾದ ಗೈಥಿಯಾನಿನವರು ಟೈಬೀರಿಯಸನ ಆಳ್ವಿಕೆಯ ಆರಂಭದಲ್ಲಿ ರಾಜಕುಟುಂಬಕ್ಕೆ ಉತ್ಸವ ಗೌರವಗಳನ್ನು ಸಲ್ಲಿಸಲು ಮುಂದಾದಾಗ, ಟೈಬೀರಿಯಸ್ ತನಗೆ ಮನುಷ್ಯರಿಗೆ ತಕ್ಕ ಗೌರವವೇ ಸಾಕೆಂದು ಬರೆದು, ತನ್ನ ತಾಯಿಗೆ ಸಂಬಂಧಿಸಿದ ನಿರ್ಧಾರ ತಿಳಿದ ಮೇಲೆ ಆಕೆಯೇ ಉತ್ತರಿಸುತ್ತಾಳೆ ಎಂದ. ಮಗ ಚಕ್ರವರ್ತಿಯಾಗಿದ್ದರೂ ತಾಯಿಯ ಪರವಾಗಿ ಉತ್ತರಿಸಲಿಲ್ಲ! ನಿರಾಶ್ರಿತೆಯಾಗಿ ಕಂಡ ನಾಡಿನೊಂದಿಗೆ ಆಕೆಯ ಕುಟುಂಬದ ಸಂಬಂಧ ಐವತ್ತು ವರ್ಷ ಮುಂದುವರಿದದ್ದನ್ನು ತೋರಿಸುವ ಇಂತಹ ಉದಾಹರಣೆ, ಸಾಮೋಸಿನ ಪತ್ರದ ಜೊತೆಗೆ ಇದ್ದಿದ್ದರೆ ಪಾಠ ಇನ್ನೂ ತುಂಬಿಕೊಳ್ಳುತ್ತಿತ್ತು.

ವಿಷದ ಆರೋಪಗಳನ್ನು ನಾಲ್ಕನೆಯ ತರಗತಿಯ ಮೊದಲರ್ಧದಲ್ಲಿ ಕೈಗೆತ್ತಿಕೊಂಡರು. ಆಗಸ್ಟಸನ ಅಕ್ಕನ ಮಗ ಮಾರ್ಸೆಲಸ್ ಕ್ರಿ.ಪೂ. 23ರಲ್ಲಿ ಇಟಲಿಯಲ್ಲಿ ರೋಗದಿಂದ ಸತ್ತ. ಆಗಸ್ಟಸನ ಮಗಳು ಜೂಲಿಯಾಳ ಮಕ್ಕಳಲ್ಲಿ ಲೂಸಿಯಸ್ ಕ್ರಿ.ಶ. 2ರಲ್ಲಿ ಮಾರ್ಸೇಲ್ಸಿನಲ್ಲಿ, ಗೇಯಸ್ ಕ್ರಿ.ಶ. 4ರಲ್ಲಿ ಯುದ್ಧದ ಗಾಯದ ನಂತರ ಲಿಸಿಯಾದಲ್ಲಿ ಸತ್ತರು. ಈ ಮೂರೂ ಸಾವುಗಳ ಕಾಲ, ಸ್ಥಳಗಳನ್ನು ಭೂಪಟದ ಮೇಲೆ ಗುರುತಿಸಿ, ರೋಮ್‌ನಲ್ಲಿ ಕುಳಿತ ಹೆಂಗಸಿನ ಕೈ ಅಷ್ಟು ದೂರ ಚಾಚಿತೆಂದು ನಂಬುವುದಕ್ಕೆ ಏನು ಬೇಕಾಗುತ್ತದೆ ಎಂದು ಕೇಳಿದ್ದು ಪರಿಣಾಮಕಾರಿಯಾಗಿತ್ತು. ಮರದಲ್ಲಿದ್ದ ಅಂಜೂರಕ್ಕೇ ವಿಷ ಸವರಿ ಆಗಸ್ಟಸನನ್ನು ಕೊಂದಳೆಂಬ ಕಥೆ ಎರಡು ಶತಮಾನಗಳ ನಂತರ ಬರೆದ ಡಿಯೊ ಕ್ಯಾಸಿಯಸನಲ್ಲಿ ಬರುತ್ತದೆ. ಅವನೂ ಅದನ್ನು ಕೇಳಿದ ಮಾತೆಂದೇ ಹೇಳುತ್ತಾನೆ. ನೋಲಾದಲ್ಲಿ ಕ್ರಿ.ಶ. 14ರ ಆಗಸ್ಟ್ 19ರಂದು ಸಾಯುವಾಗ ಆಗಸ್ಟಸನಿಗೆ ಎಪ್ಪತ್ತಾರು ತುಂಬುವುದಕ್ಕೆ ಬಂದಿತ್ತು, ಆರೋಗ್ಯ ಎಂದೂ ಗಟ್ಟಿಯಾಗಿರಲಿಲ್ಲ. ಇಷ್ಟರವರೆಗೆ ಸರಿ. ಆದರೆ ಆಗಸ್ಟಸ್ ಸತ್ತ ಕೂಡಲೇ ದ್ವೀಪವೊಂದರಲ್ಲಿ ಗಡೀಪಾರಾಗಿದ್ದ ಕೊನೆಯ ಮೊಮ್ಮಗ ಅಗ್ರಿಪ್ಪಾ ಪೋಸ್ಟುಮಸನನ್ನು ಕಾವಲಿನ ಅಧಿಕಾರಿ ಕೊಂದ ಪ್ರಸಂಗವನ್ನು ಎರಡು ವಾಕ್ಯಗಳಲ್ಲಿ ಮುಗಿಸಿದ್ದು ನನಗೆ ಹಿಡಿಸಲಿಲ್ಲ. ಉಳಿದವು ಗಾಳಿಮಾತುಗಳಾದರೆ ಇದು ನಿಜವಾಗಿ ನಡೆದ ರಾಜಕೀಯ ಕೊಲೆ. ಆಜ್ಞೆ ಸತ್ತ ಆಗಸ್ಟಸನದೋ, ಟೈಬೀರಿಯಸನದೋ, ಲಿವಿಯಾಳದೋ ಎಂಬ ಪ್ರಶ್ನೆ ಪ್ರಾಚೀನರಿಗೇ ಬಗೆಹರಿದಿರಲಿಲ್ಲ. ಒಬ್ಬ ಚಾರಿತ್ರಿಕ ವ್ಯಕ್ತಿಯನ್ನು ಅಪವಾದದಿಂದ ಪಾರುಮಾಡುವ ಉತ್ಸಾಹದಲ್ಲಿ, ಉತ್ತರ ಕಷ್ಟವಾದ ಪ್ರಶ್ನೆಯನ್ನು ದಾಟಿ ಹೋಗುವುದು ಅಧ್ಯಾಪಕರಿಗೆ ತಕ್ಕದ್ದಲ್ಲ.

ಅದೇ ತರಗತಿಯ ಎರಡನೆಯ ಅರ್ಧ ಈ ಬೇಸರವನ್ನು ಕಳೆಯಿತು. ಆಗಸ್ಟಸನ ಉಯಿಲಿನಲ್ಲಿ ಮೂರನೆಯ ಎರಡು ಪಾಲು ಟೈಬೀರಿಯಸನಿಗೆ, ಮೂರನೆಯ ಒಂದು ಪಾಲು ಲಿವಿಯಾಳಿಗೆ. ಅಷ್ಟು ದೊಡ್ಡ ಆಸ್ತಿ ಹೆಂಗಸಿಗೆ ವಾರಸುದಾರಿಕೆಯಿಂದ ಬರುವುದಕ್ಕೆ ಹಳೆಯ ಕಾಯಿದೆ ಅಡ್ಡವಿದ್ದುದರಿಂದ ಸೆನೆಟ್‌ನಿಂದ ವಿಶೇಷ ವಿನಾಯಿತಿ ಪಡೆಯಲಾಗಿತ್ತು. ಅದೇ ಉಯಿಲು ಆಕೆಯನ್ನು ಜೂಲಿಯನ್ ವಂಶಕ್ಕೆ ದತ್ತು ತೆಗೆದುಕೊಂಡು ಜೂಲಿಯಾ ಆಗಸ್ಟಾ ಎಂಬ ಹೆಸರನ್ನು ಕೊಟ್ಟಿತು. ಕಾನೂನಿನ ದೃಷ್ಟಿಯಲ್ಲಿ ವಿಧವೆ ತನ್ನ ಗಂಡನಿಗೇ ಮಗಳಾದಳು. ದೇವತೆಯೆಂದು ಘೋಷಿತನಾದ ಗಂಡನಿಗೆ ಆಕೆಯೇ ಅರ್ಚಕಿಯೂ ಆದಳು. ಆಗಸ್ಟಸ್ ಸ್ವರ್ಗಕ್ಕೆ ಏರುವುದನ್ನು ಕಣ್ಣಾರೆ ಕಂಡೆನೆಂದು ಪ್ರಮಾಣ ಮಾಡಿದ ನ್ಯೂಮೇರಿಯಸ್ ಅಟ್ಟಿಕಸ್ ಎಂಬ ಸೆನೆಟರನಿಗೆ ಲಿವಿಯಾ ಹತ್ತು ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ) ಕೊಟ್ಟಳೆಂಬ ಡಿಯೊನ ಮಾತಿಗೆ ಹುಡುಗರು ಬಹಳ ಹೊತ್ತು ನಗುತ್ತಿದ್ದರು. ಸೆನೆಟ್ ಆಕೆಯನ್ನು ದೇಶಮಾತೆಯೆಂದು ಕರೆಯಲು ಹೊರಟಾಗ, ಟೈಬೀರಿಯಸನ ಹೆಸರಿನ ಮುಂದೆ ಜೂಲಿಯಾಳ ಮಗ ಎಂದು ಸೇರಿಸಬೇಕೆಂದಾಗ, ಮಗ ಎರಡನ್ನೂ ತಡೆದ. ತಾಯಿಯ ಋಣವನ್ನು ಬಹಿರಂಗವಾಗಿ ಒಪ್ಪಿಕೊಳ್ಳುವುದು ಆಳುವವನಿಗೆ ಸುಲಭವಾಗಿರಲಿಲ್ಲ.

ಇಲ್ಲಿ ಎರಡು ಪ್ರಕರಣಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಪಾಠ ಮಾಡಿದ್ದು ಉಪನ್ಯಾಸಕಿಯವರ ಜಾಣ್ಮೆ. ಮೊದಲನೆಯದು ಲಿವಿಯಾಳ ಗೆಳತಿ ಉರ್ಗುಲಾನಿಯಾಳದು. ಸಾಲ ವಸೂಲಿಗಾಗಿ ಲೂಸಿಯಸ್ ಪಿಸೊ ಎಂಬ ಸೆನೆಟರ್ ಆಕೆಯನ್ನು ನ್ಯಾಯಾಲಯಕ್ಕೆ ಕರೆದಾಗ, ಆಕೆ ನೇರವಾಗಿ ಅರಮನೆಗೆ ಹೋಗಿ ಕೂತಳು. ಪಿಸೊ ಹಿಂಜರಿಯಲಿಲ್ಲ. ತಾಯಿಯ ಒತ್ತಾಯಕ್ಕೆ ಟೈಬೀರಿಯಸ್ ತಾನೇ ನ್ಯಾಯಾಲಯಕ್ಕೆ ಬರುತ್ತೇನೆಂದು ಹೇಳಿ, ದಾರಿಯಲ್ಲಿ ಎಲ್ಲರೊಡನೆ ಮಾತನಾಡುತ್ತ ಬೇಕೆಂದೇ ನಿಧಾನವಾಗಿ ನಡೆದ. ಕೊನೆಗೆ ಲಿವಿಯಾ ಹಣವನ್ನು ತಾನೇ ಕಟ್ಟಿಸಿ ಪ್ರಕರಣವನ್ನು ಮುಗಿಸಿದಳು. ಎರಡನೆಯದು ಕ್ರಿ.ಶ. 20ರ ಪ್ಲಾನ್ಸಿನಾಳದು. ಟೈಬೀರಿಯಸನ ದತ್ತುಪುತ್ರ ಜರ್ಮಾನಿಕಸ್ ಹಿಂದಿನ ವರ್ಷ ಅಂತಿಯೋಕ್ಯದಲ್ಲಿ ಸತ್ತಾಗ, ಸಿರಿಯಾದ ರಾಜ್ಯಪಾಲ ನೇಯಸ್ ಪಿಸೊ ಮತ್ತು ಅವನ ಹೆಂಡತಿ ಪ್ಲಾನ್ಸಿನಾ ವಿಷ ಹಾಕಿದರೆಂಬ ಆರೋಪ ಬಂತು. ವಿಚಾರಣೆಯ ನಡುವೆ ಪಿಸೊ ಸತ್ತ. ಹೆಂಡತಿ ಲಿವಿಯಾಳ ಮಾತಿನಿಂದ ಉಳಿದುಕೊಂಡಳು.

ಇದನ್ನು ಬರೆದ ರೋಮನ್ ಇತಿಹಾಸಕಾರ ಟ್ಯಾಸಿಟಸನಿಗೆ ಲಿವಿಯಾಳನ್ನು ಕಂಡರಾಗದು. ಆದ್ದರಿಂದ ಅವನ ಮಾತನ್ನು ಎಷ್ಟು ನಂಬಬೇಕೆಂಬ ಅನುಮಾನ ಹಿಂದೆ ಇತ್ತು. ಆದರೆ ಸ್ಪೇನಿನಲ್ಲಿ ದೊರೆತು 1996ರಲ್ಲಿ ಪ್ರಕಟವಾದ ಕಂಚಿನ ಫಲಕಗಳ ಮೇಲೆ ಆ ವಿಚಾರಣೆಯ ಬಗ್ಗೆ ಸೆನೆಟ್ ಕೈಗೊಂಡ ನಿರ್ಣಯವೇ ಇದೆ. ಕ್ರಿ.ಶ. 20ರ ಡಿಸೆಂಬರ್ 10ರ ಆ ನಿರ್ಣಯ, ಪ್ಲಾನ್ಸಿನಾಳ ಮೇಲೆ ಗುರುತರವಾದ ಆರೋಪಗಳಿದ್ದರೂ ಜೂಲಿಯಾ ಆಗಸ್ಟಾಳ ಕೋರಿಕೆಯಂತೆ ಶಿಕ್ಷೆಯನ್ನು ಬಿಡಲಾಗಿದೆ ಎಂದು ಹೇಳುತ್ತದೆ. ಚಕ್ರವರ್ತಿಯನ್ನು ಹೆತ್ತದ್ದರಿಂದ ಮಾತ್ರವಲ್ಲ, ಎಲ್ಲ ಅಂತಸ್ತಿನ ಜನರಿಗೆ ಮಾಡಿದ ಉಪಕಾರಗಳಿಂದಲೂ ಆಕೆಯ ಮಾತಿಗೆ ಸೆನೆಟ್‌ನಲ್ಲಿ ದೊಡ್ಡ ತೂಕವಿರುವುದು ನ್ಯಾಯವೆಂದೂ, ಆಕೆ ಅದನ್ನು ಮಿತವಾಗಿಯೇ ಬಳಸುತ್ತಾಳೆಂದೂ ಸೇರಿಸುತ್ತದೆ. ಪ್ರಾಂತ್ಯಗಳ ದೊಡ್ಡ ನಗರಗಳಲ್ಲಿಯೂ ಸೈನ್ಯದ ಚಳಿಗಾಲದ ಶಿಬಿರಗಳಲ್ಲಿಯೂ ಈ ನಿರ್ಣಯವನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಬೇಕೆಂಬ ಆದೇಶವೂ ಅದರಲ್ಲಿಯೇ ಇದೆ. ಪದವಿಯಿಲ್ಲದ ಹೆಂಗಸೊಬ್ಬಳ ಶಿಫಾರಸಿನಿಂದ ಆರೋಪಿ ಪಾರಾದಳೆಂಬುದನ್ನು ರಾಜ್ಯವೇ ಕಂಚಿನಲ್ಲಿ ಕೊರೆಯಿಸಿ ಸಾಮ್ರಾಜ್ಯಕ್ಕೆಲ್ಲ ಸಾರಿತು. ಮುಚ್ಚುಮರೆಯ ಒಳಸಂಚು ಎಂದು ನಾವು ಕೇಳಿಕೊಂಡು ಬಂದದ್ದು ಇಲ್ಲಿ ಅಧಿಕೃತ ದಾಖಲೆಯಾಗಿ ನಿಂತಿದೆ. ಲಿವಿಯಾ ಸತ್ತ ನಂತರ, ಕ್ರಿ.ಶ. 33ರಲ್ಲಿ, ಪ್ಲಾನ್ಸಿನಾಳ ಮೇಲೆ ಮತ್ತೆ ಆರೋಪ ಬಂದಾಗ ಕಾಯುವವರು ಇರಲಿಲ್ಲ; ಆಕೆ ಆತ್ಮಹತ್ಯೆ ಮಾಡಿಕೊಂಡಳು.

ಐದನೆಯ ತರಗತಿ ನಾಣ್ಯಗಳಿಂದ ಆರಂಭವಾಯಿತು, ಮತ್ತು ತುಮಕೂರಿನ ಕೇಳುಗರಿಗೆ ಇದು ಹತ್ತಿರದ ವಿಷಯ. ನಮ್ಮ ನೆರೆಯ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಇಲ್ಲಿಂದ ದಿನವೂ ಸಾವಿರಾರು ಜನ ರೈಲಿನಲ್ಲಿ ಹೋಗಿ ಇಳಿಯುವ ಯಶವಂತಪುರದಲ್ಲಿ 19ನೆಯ ಶತಮಾನದ ಕೊನೆಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೊಂದು ದೊರೆತಿತ್ತು. ದಕ್ಷಿಣ ಭಾರತದಲ್ಲಿ ಹೇರಳವಾಗಿ ಸಿಗುವ ಟೈಬೀರಿಯಸನ ಡೆನಾರಿಯಸ್ ನಾಣ್ಯದ ಒಂದು ಮುಖದಲ್ಲಿ ಚಕ್ರವರ್ತಿಯ ತಲೆ, ಇನ್ನೊಂದರಲ್ಲಿ ದಂಡ ಮತ್ತು ರೆಂಬೆ ಹಿಡಿದು ಕುಳಿತ ಹೆಂಗಸು. ಈಕೆ ಲಿವಿಯಾ ಎಂದು ಉಪನ್ಯಾಸಕಿಯವರು ನಿಸ್ಸಂಶಯವಾಗಿ ಹೇಳಿದರು. ನಾನು ಇದನ್ನು ಒಪ್ಪಲಾರೆ. ಹಾಗೆ ಗುರುತಿಸುವ ವಿದ್ವಾಂಸರು ಹಲವರಿದ್ದಾರೆ, ಆದರೆ ನಾಣ್ಯದ ಆ ಮುಖದಲ್ಲಿ ಇರುವುದು ಚಕ್ರವರ್ತಿಯ ಮಹಾಪುರೋಹಿತ ಎಂಬ ಬಿರುದು ಮಾತ್ರ, ಆಕೆಯ ಹೆಸರಲ್ಲ. ಇದೇ ಬಗೆಯ ಕುಳಿತ ಸ್ತ್ರೀಯ ಚಿತ್ರ ಆಗಸ್ಟಸನ ಕೊನೆಯ ವರ್ಷಗಳ ನಾಣ್ಯದಲ್ಲಿಯೇ ಬಂದಿತ್ತು. ಶಾಂತಿದೇವತೆಯ ರೂಪವನ್ನು ಕಂಡವರು ಲಿವಿಯಾಳನ್ನೂ ನೆನೆಯಲಿ ಎಂಬ ಉದ್ದೇಶವಿದ್ದಿರಬಹುದು, ಅಷ್ಟೇ. ಕ್ರಿ.ಶ. 22-23ರಲ್ಲಿ ಹೊರಬಂದ, ಎರಡು ಹೇಸರಗತ್ತೆಗಳು ಎಳೆಯುವ ಬಂಡಿಯ ಚಿತ್ರವಿರುವ ಹಿತ್ತಾಳೆಯ ದೊಡ್ಡ ನಾಣ್ಯದಲ್ಲಿ ಜೂಲಿಯಾ ಆಗಸ್ಟಾಳ ಹೆಸರು ಸ್ಪಷ್ಟವಾಗಿದೆ. ಆಕೆಯ ಕಾಯಿಲೆಯ ಸಂದರ್ಭದ್ದಾದ ಆ ನಾಣ್ಯವನ್ನು ತೋರಿಸಿದ್ದರೆ ವಾದ ಗಟ್ಟಿಯಾಗುತ್ತಿತ್ತು. ಮೂರನೆಯ ತರಗತಿಯಲ್ಲಿ ಅಷ್ಟು ಎಚ್ಚರ ವಹಿಸಿದವರು, ನಮ್ಮ ನೆಲದಲ್ಲಿ ಸಿಕ್ಕ ನಾಣ್ಯದ ಮೇಲಿನ ಅಭಿಮಾನದಿಂದ ಇಲ್ಲಿ ಸಡಿಲಬಿಟ್ಟರೇನೋ.

ನಾಣ್ಯಕ್ಕೆ ಒಂದೂವರೆ ಗಂಟೆ ಹೋದ ಮೇಲೆ ಕೊನೆಯ ವರ್ಷಗಳಿಗೆ ಉಳಿದದ್ದು ಅರ್ಧ ಗಂಟೆ. ಕ್ರಿ.ಶ. 26ರಲ್ಲಿ ಟೈಬೀರಿಯಸ್ ರೋಮ್ ಬಿಟ್ಟು ಹೋದದ್ದು, ಕ್ರಿ.ಶ. 29ರಲ್ಲಿ ಎಂಬತ್ತಾರನೆಯ ವಯಸ್ಸಿನಲ್ಲಿ ತಾಯಿ ಸತ್ತಾಗ ಅವನು ಅಂತ್ಯಕ್ರಿಯೆಗೂ ಬಾರದೆ ಇದ್ದದ್ದು, ಮರಿಮೊಮ್ಮಗ ಕ್ಯಾಲಿಗುಲಾ ಚರಮಭಾಷಣ ಮಾಡಿದ್ದು, ಕ್ರಿ.ಶ. 42ರಲ್ಲಿ ಮೊಮ್ಮಗ ಕ್ಲಾಡಿಯಸ್ ಆಕೆಯನ್ನು ದೇವತೆಯೆಂದು ಘೋಷಿಸಿದ್ದು ಎಲ್ಲವೂ ಪಟ್ಟಿಯಂತೆ ಓದಿಹೋದವು. ಇಲ್ಲಿಯೇ ಆಕೆಯ ಪ್ರಭಾವದ ಅಳತೆ ಸಿಗುವುದು. ಮುಂದೆ ಚಕ್ರವರ್ತಿಯಾದ ಗಾಲ್ಬಾನಿಗೆ ಲಿವಿಯಾ ಐದು ಕೋಟಿ ಸೆಸ್ಟರ್ಸ್ ಬರೆದಿಟ್ಟಿದ್ದಳು. ಮೊತ್ತವನ್ನು ಅಕ್ಷರದಲ್ಲಿ ಬರೆಯದೆ ಅಂಕಿಯಲ್ಲಿ ಬರೆದದ್ದನ್ನೇ ನೆಪ ಮಾಡಿಕೊಂಡು ಟೈಬೀರಿಯಸ್ ಅದನ್ನು ಐದು ಲಕ್ಷಕ್ಕೆ ಇಳಿಸಿದ, ಅದನ್ನೂ ಕೊಡಲಿಲ್ಲ. ಮಗ ದೈವತ್ವವನ್ನು ನಿರಾಕರಿಸಿದರೂ ಸೆನೆಟ್ ಆಕೆಗೆ ಕಮಾನು ಕಟ್ಟಿಸಲು ನಿರ್ಣಯಿಸಿತು. ಯಾವ ಹೆಂಗಸಿಗೂ ಹಿಂದೆ ಸಲ್ಲದ ಗೌರವವದು. ಡಿಯೊ ಕೊಡುವ ಕಾರಣ: ಸೆನೆಟರುಗಳಲ್ಲಿ ಹಲವರ ಪ್ರಾಣ ಉಳಿಸಿದ್ದಳು, ಹಲವರ ಮಕ್ಕಳನ್ನು ಸಾಕಿದ್ದಳು, ಹಲವರ ಹೆಣ್ಣುಮಕ್ಕಳ ಮದುವೆಗೆ ಹಣ ಕೊಟ್ಟಿದ್ದಳು. ಎರಡನೆಯ ತರಗತಿಯಲ್ಲಿ ಹೇಳಿದ ಸ್ವಂತ ಆಸ್ತಿಯ ಹಕ್ಕು ಎಲ್ಲಿಗೆ ತಲುಪಿತೆಂಬುದಕ್ಕೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ. ಅದನ್ನು ಬಿಡಿಸಿ ಹೇಳುವುದಕ್ಕೆ ಹೊತ್ತಾಗಿಹೋಗಿತ್ತು. ಬಸ್ಸಿನ ಹುಡುಗರು ಆಗಲೇ ಚೀಲ ಹೆಗಲಿಗೇರಿಸಿದ್ದರು.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕೊಠಡಿ ಸ್ವಚ್ಛ, ಕುರ್ಚಿಗಳು ಸಾಕಷ್ಟು, ನಡುವೆ ಚಹಾ ಕೊಡುತ್ತಾರೆ. ಪೂರ್ವದ ಕಿಟಕಿಗೆ ಪರದೆಯಿಲ್ಲದ ಕಾರಣ ಹತ್ತೂವರೆಯ ತನಕ ಪ್ರೊಜೆಕ್ಟರಿನ ಚಿತ್ರ ಸರಿಯಾಗಿ ಕಾಣುವುದಿಲ್ಲ. ಮುಂದಿನ ಸಾಲಿನಲ್ಲಿ ಎಡಕ್ಕೆ ಕೂರುವುದು ಒಳ್ಳೆಯದು. ಜೆರಾಕ್ಸ್ ಹಾಳೆಗಳಲ್ಲಿ ಶಾಸನಗಳ ಅನುವಾದ ಚೆನ್ನಾಗಿದೆ, ಮುದ್ರಣ ಕಪ್ಪಿಟ್ಟಿದೆ. ಮೊಬೈಲಿಗೆ ಕಳುಹಿಸಿ ಎಂದು ಕೇಳಿದರೆ ಕಳುಹಿಸುತ್ತಾರೆ. ಪರೀಕ್ಷೆಗೆ ನೋಟ್ಸ್ ಸಿಗಲೆಂದು ಬರುವವರಿಗೆ ಇದು ಹೇಳಿಮಾಡಿಸಿದ್ದಲ್ಲ. ಇತಿಹಾಸ ಪಾಠ ಮಾಡುವವರು, ಅದರಲ್ಲೂ ಎಂಟು ಒಂಬತ್ತನೆಯ ತರಗತಿಯ ಮಕ್ಕಳಿಗೆ ರೋಮ್‌ನ ಅಧ್ಯಾಯವನ್ನು ಯುದ್ಧಗಳ ಪಟ್ಟಿಯಾಗಿ ಹೇಳಿ ಬೇಸತ್ತವರು, ಬಂದು ಕೂರಬಹುದು.

ಮುಂದಿನ ಮಾಲೆ ನೀರೊ ಚಕ್ರವರ್ತಿಯ ತಾಯಿ ಕಿರಿಯ ಅಗ್ರಿಪ್ಪಿನಾಳ ಮೇಲೆ ಎಂದು ಪ್ರಕಟಿಸಿದ್ದಾರೆ. ಶುಲ್ಕ 1,100 ರೂಪಾಯಿ, ತರಗತಿಗಳು ಆರು. ಒಂದು ತರಗತಿ ಹೆಚ್ಚಾಗಿರುವುದರಿಂದ ಕೊನೆಯ ದಿನದ ಓಟ ತಪ್ಪಬಹುದು. ಆಧಾರಗಳ ಹಾಳೆಯನ್ನು ಹಿಂದಿನ ವಾರವೇ ಕೊಡಿ, ಓದಿಕೊಂಡು ಬರುತ್ತೇವೆ ಎಂದು ಹಲವರು ಕೇಳಿದ್ದೇವೆ; ಒಪ್ಪಿದ್ದಾರೆ. ನಾನು ಹೆಸರು ಬರೆಸಿದ್ದೇನೆ.